ಹಲ್ಲಿನ ಕಂದು ಗೆರೆ ಮತ್ತು ಮನೆಯ ಕೊಳವೆ ಬಾವಿ

ಮಗುವಿಗೆ ಏಳು ತುಂಬಿ ಎಂಟು ನಡೆಯುತ್ತಿದೆ. ಹಾಲುಹಲ್ಲು ಬಿದ್ದು ಮುಂದಿನ ಎರಡು ದೊಡ್ಡ ಹಲ್ಲುಗಳು ಬಂದಿವೆ. ಆದರೆ ನೀವು ಎದುರು ನೋಡುತ್ತಿದ್ದ ಹಾಗೆ ಅವು ಬೆಳ್ಳಗೆ ಹೊಳೆಯುತ್ತಿಲ್ಲ. ಸುಣ್ಣ ಬಳಿದಂಥ ಮಚ್ಚೆಗಳು, ಅವುಗಳ ನಡುವೆ ಅಡ್ಡಡ್ಡಲಾಗಿ ಹಳದಿ ಇಲ್ಲವೇ ಕಂದು ಗೆರೆ. ‘ಸರಿಯಾಗಿ ಹಲ್ಲುಜ್ಜೋ’ ಎಂದು ನೀವು ಗದರುತ್ತೀರಿ. ಅಜ್ಜಿ ಇದ್ದಿಲ ಪುಡಿ, ಉಪ್ಪು ಹಾಕಿ ತಿಕ್ಕಿಸುತ್ತಾರೆ. ಪೇಟೆಯಿಂದ ದುಬಾರಿ ಪೇಸ್ಟೂ ಬರುತ್ತದೆ. ವಸಡು ಕೆಂಪಾಗುತ್ತದೆಯೇ ಹೊರತು ಗೆರೆ ಹೋಗುವುದಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಬಯಲು ಊರುಗಳಲ್ಲಿರುವ ಓದುಗರು ಮಗುವನ್ನು ಇನ್ನೊಮ್ಮೆ ಗದರುವ ಮುನ್ನ ಈ ಅಂಕಣವನ್ನು ಓದಬೇಕು. ಆ ಗೆರೆ ಹಲ್ಲಿನ ಮೇಲೆ ಕೂತ ಕೊಳೆಯಲ್ಲ, ಹಲ್ಲಿನ ಜೊತೆಯಲ್ಲೇ ಬೆಳೆದು ಬಂದದ್ದು. ಅದಕ್ಕೆ ಕಾರಣ ಮಗುವಿನ ಸೋಮಾರಿತನವಲ್ಲ, ಅದು ಕುಡಿದ ನೀರು. ವೈದ್ಯರು ಇದನ್ನು ದಂತ ಫ್ಲೋರೋಸಿಸ್ ಎನ್ನುತ್ತಾರೆ.

ಗುರುತಿಸುವುದು ಕಷ್ಟವಲ್ಲ. ಎಲೆ ಅಡಿಕೆ, ತಂಬಾಕಿನ ಕಲೆ ಹಲ್ಲಿನ ಬುಡದಲ್ಲಿ, ಸಂದಿಯಲ್ಲಿ ಕೂರುತ್ತದೆ, ದಂತವೈದ್ಯರು ಕೆರೆದರೆ ಹೋಗುತ್ತದೆ. ಹುಳುಕು ಒಂದು ಹಲ್ಲಿಗೆ ಬಂದರೆ ಪಕ್ಕದ್ದು ಚೆನ್ನಾಗಿರಬಹುದು. ಫ್ಲೋರೋಸಿಸ್ ಹಾಗಲ್ಲ. ಎಡಗಡೆಯ ಹಲ್ಲಿನಲ್ಲಿ ಇದ್ದಂತೆಯೇ ಬಲಗಡೆಯ ಜೋಡಿ ಹಲ್ಲಿನಲ್ಲೂ ಇರುತ್ತದೆ. ಮೊದಲು ಬಿಳಿ ಮಚ್ಚೆ, ವರ್ಷಗಳು ಕಳೆದಂತೆ ಹಳದಿ, ಆಮೇಲೆ ಕಂದು. ತೀವ್ರವಾಗಿದ್ದರೆ ಹಲ್ಲಿನ ಮೇಲೆ ಸಣ್ಣ ಸಣ್ಣ ಗುಳಿಗಳೂ ಬಿದ್ದು, ಅಂಚು ಮುರಿಯುತ್ತದೆ. ಒಂದೇ ನೀರು ಕುಡಿಯುವ ಬೀದಿಯ ಹಲವು ಮಕ್ಕಳಲ್ಲಿ ಒಟ್ಟಿಗೇ ಕಾಣಿಸುತ್ತದೆ.

ಇದರಲ್ಲಿ ಬಹಳ ಜನ ಗಮನಿಸದ ಸಂಗತಿಯೊಂದಿದೆ. ಮುಂದಿನ ದೊಡ್ಡ ಹಲ್ಲುಗಳು ಹೊರಗೆ ಕಾಣುವುದು ಏಳು ಎಂಟನೇ ವಯಸ್ಸಿನಲ್ಲಾದರೂ, ಅವುಗಳ ಹೊಳಪಿನ ಕವಚವಾದ ಎನಾಮಲ್ ವಸಡಿನೊಳಗೆ ಕಟ್ಟಿಕೊಳ್ಳುವುದು ಹುಟ್ಟಿದ ಮೊದಲ ಮೂರು ನಾಲ್ಕು ವರ್ಷಗಳಲ್ಲಿ. ಅಂದರೆ ಇಂದು ನೀವು ನೋಡುತ್ತಿರುವ ಗೆರೆ ನಾಲ್ಕೈದು ವರ್ಷಗಳ ಹಿಂದೆ ನಿಮ್ಮ ಮನೆಗೆ ಬರುತ್ತಿದ್ದ ನೀರಿನ ಗುರುತು. ಗೆರೆ ಕಂಡ ಮೇಲೆ ಆ ಹಲ್ಲನ್ನು ಮೊದಲಿನಂತೆ ಮಾಡಲಾಗದು. ಆದರೆ ಅದೇ ಮನೆಯಲ್ಲಿ ಎರಡು ವರ್ಷದ ತಂಗಿಯೋ ತಮ್ಮನೋ ಇದ್ದರೆ, ಆ ಮಗುವಿನ ಹಲ್ಲು ಇನ್ನೂ ಕಟ್ಟುತ್ತಿದೆ. ಹಿಂದಿನ ದವಡೆಯ ಕೊನೆಯ ಹಲ್ಲುಗಳನ್ನು ಬಿಟ್ಟರೆ ಉಳಿದೆಲ್ಲವುಗಳ ಎನಾಮಲ್ ಎಂಟು ವರ್ಷದ ಹೊತ್ತಿಗೆ ಮುಗಿಯುತ್ತದೆ. ನೀವು ಏನಾದರೂ ಮಾಡಬಹುದಾದ ಅವಧಿ ಅದು.

ಸಮುದ್ರಕ್ಕಿಂತ ಹೆಚ್ಚು

ಫ್ಲೋರೈಡ್ ಎಂಬುದು ಫ್ಲೋರಿನ್ ಮೂಲವಸ್ತುವಿನ ಲವಣರೂಪ. ಅದು ಪೂರ್ತಿ ವಿಷವೇನೂ ಅಲ್ಲ. ಹಲ್ಲು, ಮೂಳೆಗಳೆರಡೂ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಅಪಟೈಟ್ ಎಂಬ ಖನಿಜದಿಂದ ಆದವು. ಅದರಲ್ಲಿನ ಒಂದು ಜಾಗಕ್ಕೆ ಫ್ಲೋರೈಡ್ ನುಸುಳಿ ಕೂತರೆ ಹಲ್ಲು ಹುಳಿಗೆ ಸುಲಭವಾಗಿ ಕರಗುವುದಿಲ್ಲ. ಪೇಸ್ಟಿಗೆ ಅದನ್ನು ಸೇರಿಸುವುದು ಇದಕ್ಕಾಗಿಯೇ. ಶಾರ್ಕ್ ಮೀನಿನ ಹಲ್ಲಿನ ಹೊರಪದರವಂತೂ ಫ್ಲೋರೈಡ್ ತುಂಬಿದ ಅಪಟೈಟೇ. ಹಾಗಾದರೆ ಅದು ನಮ್ಮ ಹಲ್ಲಿಗಿಂತ ಬಹಳ ಗಟ್ಟಿಯಾಗಿರಬೇಕಲ್ಲವೇ? ಜರ್ಮನಿಯ ಸಂಶೋಧಕರು 2012ರಲ್ಲಿ ಎರಡನ್ನೂ ಅಳೆದು ನೋಡಿದರು. ಗಡಸುತನದಲ್ಲಿ ಹೆಚ್ಚು ಕಡಿಮೆ ಏನೂ ಇರಲಿಲ್ಲ. ಫ್ಲೋರೈಡ್ ಹೆಚ್ಚಿದಷ್ಟೂ ಹಲ್ಲು ಗಟ್ಟಿ ಎಂಬ ಲೆಕ್ಕಾಚಾರ ಶಾರ್ಕಿಗೂ ಹೊಂದುವುದಿಲ್ಲ. ಬೆಳೆಯುವ ಮಗುವಿನಲ್ಲಂತೂ ಅತಿಯಾದ ಫ್ಲೋರೈಡ್ ಎನಾಮಲ್ ಕಟ್ಟುವ ಕೆಲಸವನ್ನೇ ಕೆಡಿಸಿ ಅದನ್ನು ಸೂಕ್ಷ್ಮ ರಂಧ್ರಗಳ, ಮಂಕಾದ ಪದರವನ್ನಾಗಿ ಮಾಡುತ್ತದೆ. ಆ ರಂಧ್ರಗಳಿಗೆ ಬಣ್ಣ ಇಳಿದು ಕಂದಾಗುತ್ತದೆ.

ಎಷ್ಟಾದರೆ ಅತಿ? ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಮ್ಮ ದೇಶದ ಮಾನಕದ ಪ್ರಕಾರ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಸಮುದ್ರದ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಇರುತ್ತದೆ. ನಮ್ಮ ಬಯಲುಸೀಮೆಯ ಕೆಲವು ಕೊಳವೆ ಬಾವಿಗಳು ಈ ವಿಷಯದಲ್ಲಿ ಸಮುದ್ರವನ್ನೂ ಮೀರಿಸಿವೆ!

ಭೂಮಿಯ ಉಪ್ಪೆಲ್ಲ ಹೋಗಿ ಸೇರುವ ಸಮುದ್ರದಲ್ಲೇ ಕಡಿಮೆ, ನಮ್ಮ ಬೋರಿನಲ್ಲಿ ಹೆಚ್ಚು ಏಕೆ? ಉತ್ತರ ಕ್ಯಾಲ್ಸಿಯಂನಲ್ಲಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಲ್ಲಿನ ಜೀವಿಗಳು ಅದರಿಂದ ಚಿಪ್ಪು ಕಟ್ಟಿಕೊಳ್ಳುವಾಗ ಫ್ಲೋರೈಡನ್ನೂ ಅದರೊಳಗೆ ಸೇರಿಸಿಕೊಳ್ಳುತ್ತವೆ. ಅಂಟಾರ್ಕ್ಟಿಕದ ಕ್ರಿಲ್ ಎಂಬ ಸಿಗಡಿಯಂಥ ಪುಟ್ಟ ಜೀವಿಯ ಚಿಪ್ಪಿನಲ್ಲಿ ಅದು ಎಷ್ಟು ತುಂಬಿರುತ್ತದೆಂದರೆ, ಮನುಷ್ಯರ ಆಹಾರಕ್ಕೆ ಬಳಸುವಾಗ ಚಿಪ್ಪನ್ನು ಬೇಗನೆ ಬೇರ್ಪಡಿಸಬೇಕಾಗುತ್ತದೆ. ಬಂಡೆಯೊಳಗೆ ಸಿಕ್ಕಿಕೊಂಡ ನೀರಿಗೆ ಇಂಥ ಉಪಕಾರ ಮಾಡುವವರು ಯಾರೂ ಇಲ್ಲ.

ಬಂಡೆಯೊಳಗೆ ನಡೆಯುವುದೇನು?

ಬಾಬಾಬುಡನ್ ಗಿರಿಯ ಸಾಲು ಮುಂಗಾರಿನ ಮೋಡಗಳನ್ನು ಪಶ್ಚಿಮದಲ್ಲೇ ತಡೆದು ಇಳಿಸಿಕೊಳ್ಳುತ್ತದೆ. ಕೆಮ್ಮಣ್ಣುಗುಂಡಿ ಮಳೆಯಲ್ಲಿ ನೆನೆಯುತ್ತಿರುವಾಗ, ಗಿರಿಯ ಮೂಡಣಕ್ಕಿರುವ ಕಡೂರಿನ ಬಯಲಿಗೆ ವರ್ಷವಿಡೀ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ಒಂದೇ ತರೀಕೆರೆ ತಾಲ್ಲೂಕಿನಲ್ಲಿ ಲಕ್ಕವಳ್ಳಿಯ ಬಳಿ ಭದ್ರಾ ಜಲಾಶಯ ಇದೆ, ಇನ್ನೊಂದು ಅಂಚಿನಲ್ಲಿ ಬರಗಾಲದ ಊರುಗಳೂ ಇವೆ. ತರೀಕೆರೆಯಿಂದ ಬೇರ್ಪಟ್ಟು 2018ರಲ್ಲಿ ತಾಲ್ಲೂಕಾದ ಅಜ್ಜಂಪುರದ್ದೂ ಬಯಲು ನೆಲವೇ.

ಈ ಬಯಲಿನ ತಳದಲ್ಲಿರುವುದು ಮುನ್ನೂರು ಕೋಟಿ ವರ್ಷದಷ್ಟು ಹಳೆಯ ನೈಸ್ ಮತ್ತು ಗ್ರಾನೈಟ್ ಶಿಲೆ. ಅದರಲ್ಲಿ ಹೊಳೆಯುವ ಅಭ್ರಕದ ಜಾತಿಯ ಖನಿಜಗಳು, ಅಪಟೈಟ್, ಅಲ್ಲಲ್ಲಿ ಫ್ಲೋರೈಟ್ ಇರುತ್ತವೆ. ಎಲ್ಲದರಲ್ಲೂ ಅಷ್ಟಿಷ್ಟು ಫ್ಲೋರೈಡ್ ಸೇರಿಕೊಂಡಿದೆ. ಮಳೆ ಕಡಿಮೆಯಾದ್ದರಿಂದ ಬಿರುಕುಗಳಲ್ಲಿನ ನೀರು ಹೊಸದಾಗುವುದಿಲ್ಲ, ವರ್ಷಗಟ್ಟಲೆ ಬಂಡೆಗೆ ತಾಗಿಕೊಂಡೇ ನಿಲ್ಲುತ್ತದೆ. ನಿಂತಷ್ಟೂ ಸೋಡಾದ ಗುಣ ಹೆಚ್ಚಿ, ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಕೆಳಗೆ ಕೂತುಬಿಡುತ್ತದೆ. ಫ್ಲೋರೈಡನ್ನು ಹಿಡಿದಿಡಬೇಕಾಗಿದ್ದ ಕ್ಯಾಲ್ಸಿಯಂ ಹೀಗೆ ತೊಲಗಿದ ಮೇಲೆ ಫ್ಲೋರೈಡ್ ನಿರಾತಂಕವಾಗಿ ನೀರಿಗೆ ಇಳಿಯುತ್ತದೆ.

ನಮ್ಮ ಮನೆಗಳಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆಯೊಂದನ್ನು ಇಲ್ಲೇ ಸರಿಪಡಿಸಬೇಕು. ಹಂಡೆಯ ತಳದಲ್ಲಿ ಬಿಳಿ ಉಪ್ಪು ಕಟ್ಟುವ, ಬೇಳೆ ಬೇಯದ, ಸೋಪಿನ ನೊರೆ ಬಾರದ ಗಡಸು ನೀರೇ ಫ್ಲೋರೈಡ್ ನೀರು ಎಂದು ಅನೇಕರು ನಂಬಿದ್ದಾರೆ. ಗಡಸುತನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳದ್ದು. ಮೇಲೆ ಹೇಳಿದ ಕಾರಣಕ್ಕೆ ಎಷ್ಟೋ ವೇಳೆ ನೊರೆ ಚೆನ್ನಾಗಿ ಬರುವ, ಕುಡಿಯಲು ಸಿಹಿಯಾದ ಬೋರಿನಲ್ಲೇ ಫ್ಲೋರೈಡ್ ಹೆಚ್ಚಿರುತ್ತದೆ. ಹಾಗೆಂದು ಗಡಸು ನೀರು ನಿರಪಾಯ ಎಂದೂ ಅಲ್ಲ, ಎರಡೂ ಒಟ್ಟಿಗಿರಬಹುದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ರುಚಿಯೂ ಇಲ್ಲ. ನಾಲಿಗೆಯನ್ನು ನಂಬಿ ಪ್ರಯೋಜನವಿಲ್ಲ.

ಹಿಂದಿನವರಿಗೆ ಈ ಕಾಯಿಲೆ ಇಷ್ಟಿರಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಅವರು ಕುಡಿಯುತ್ತಿದ್ದುದು ಕೆರೆಯ, ಸೇದುವ ಬಾವಿಯ ನೀರು, ಎಂದರೆ ವರ್ಷ ವರ್ಷ ಬದಲಾಗುವ ಮಳೆನೀರು. ಆ ನೀರಿನಲ್ಲಿ ಕಾಲರಾ ಇತ್ತು, ನಾರುಹುಣ್ಣು ಇತ್ತು. ಅವುಗಳಿಂದ ಪಾರಾಗಲು ಸರ್ಕಾರ ಊರೂರಿಗೆ ಬೋರು ಕೊರೆಸಿ ಕೈಪಂಪು ಹಾಕಿಸಿತು. ಅದರಿಂದ ಪ್ರಾಣಗಳು ಉಳಿದದ್ದು ನಿಜ. ಭಾರತ ನಾರುಹುಣ್ಣಿನಿಂದ ಮುಕ್ತವೆಂದು 2000ರಲ್ಲಿ ಘೋಷಣೆಯಾಯಿತು. ಆದರೆ ಬೋರು ಆಳಕ್ಕೆ ಇಳಿದಂತೆಲ್ಲ ಹಳೆಯ ನೀರು, ಹಳೆಯ ನೀರಿನ ಜೊತೆ ಫ್ಲೋರೈಡ್ ಮೇಲೆ ಬಂತು. ಸ್ವಿಟ್ಜರ್‌ಲೆಂಡಿನ ಜಲಸಂಶೋಧನಾ ಸಂಸ್ಥೆಯ ತಜ್ಞರು ದೇಶದ ಸಾವಿರಾರು ಬಾವಿಗಳ ಅಳತೆಯನ್ನೂ ಶಿಲೆ, ಹವಾಮಾನಗಳ ವಿವರವನ್ನೂ ಸೇರಿಸಿ 2018ರಲ್ಲಿ ಒಂದು ನಕ್ಷೆ ಪ್ರಕಟಿಸಿದರು. ಅವರ ಅಂದಾಜಿನಂತೆ ಭಾರತದಲ್ಲಿ ಸುಮಾರು 12 ಕೋಟಿ ಜನ ಅಪಾಯದ ವಲಯದಲ್ಲಿದ್ದಾರೆ.

ಹಲ್ಲಿನಿಂದ ಮೂಳೆಗೆ

ಹಲ್ಲಿನ ಕಲೆಯ ಕಾರಣವನ್ನು ಪತ್ತೆ ಮಾಡಲು ವಿಜ್ಞಾನಿಗಳಿಗೆ ಮೂವತ್ತು ವರ್ಷ ಹಿಡಿಯಿತು. ಅಮೆರಿಕದ ಕೊಲೊರಾಡೊದಲ್ಲಿ ಮೆಕೇ ಎಂಬ ದಂತವೈದ್ಯ 1901ರಲ್ಲಿ ಇದನ್ನು ಗಮನಿಸಿದ. ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನತಜ್ಞ ಚರ್ಚಿಲ್ ನೀರಿನಲ್ಲಿ ಫ್ಲೋರೈಡನ್ನು ಕಂಡುಹಿಡಿದದ್ದು 1931ರಲ್ಲಿ. ನಮ್ಮ ದೇಶದಲ್ಲಿ ಮೊದಲ ವರದಿ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆಯಿಂದ. ಅಲ್ಲಿ ಮನುಷ್ಯರಿಗಿಂತ ಮೊದಲು ರೈತರ ಕಣ್ಣಿಗೆ ಬಿದ್ದದ್ದು ಹೆಜ್ಜೆ ಎತ್ತಿಡಲಾರದ ಎತ್ತುಗಳು. ಅಮೃತಮಹಲ್ ತಳಿಯ ಕೇಂದ್ರವಿರುವ ಅಜ್ಜಂಪುರದ ಸೀಮೆಯಲ್ಲಿ ರಾಸು ಸಾಕುವವರು ಇದನ್ನು ನೆನಪಿಡಬೇಕು. ರಾಸುಗಳೂ ಅದೇ ಬೋರಿನ ನೀರನ್ನು ಕುಡಿಯುತ್ತವೆ.

ದೇಹಕ್ಕೆ ಸೇರಿದ ಫ್ಲೋರೈಡಿನ ಒಂದು ಪಾಲನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಉಳಿದದ್ದು ಮೂಳೆಯಲ್ಲಿ ವರ್ಷದಿಂದ ವರ್ಷಕ್ಕೆ ಜಮೆಯಾಗುತ್ತದೆ. ಮೊದಲು ಬೆಳಗಿನ ಹೊತ್ತು ಕೀಲು ಹಿಡಿದುಕೊಳ್ಳುವುದು, ಬೆನ್ನು ನೋವು. ನಂತರ ಕುತ್ತಿಗೆ, ಬೆನ್ನುಮೂಳೆ ಬಿಗಿದುಕೊಂಡು ಬಾಗದಾಗುತ್ತದೆ. ಸ್ನಾಯುಗಳನ್ನು ಮೂಳೆಗೆ ಕಟ್ಟುವ ತಂತುಗಳೂ ಸುಣ್ಣಗಟ್ಟುತ್ತವೆ. ದಿನಕ್ಕೆ 6 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಒಳಹೋದರೆ ಮೂಳೆಗೆ ಅಪಾಯವಿರಬಹುದು, 14 ಮಿಲಿಗ್ರಾಂ ಆದರೆ ಅಪಾಯ ಖಚಿತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ‘ವಾತ’ ಎಂದು ಹೇಳಿಕೊಂಡು ನೋವಿನ ಮಾತ್ರೆ ನುಂಗುತ್ತಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಮೂರು ಸರಳ ಪರೀಕ್ಷೆ ಮಾಡಿಸಿ ನೋಡಿ. ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು. ಆಗದಿದ್ದ ಮಾತ್ರಕ್ಕೆ ಫ್ಲೋರೋಸಿಸ್ ಎಂದಲ್ಲ. ವಯಸ್ಸಿನಿಂದಲೂ ಆಗದಿರಬಹುದು. ಆದರೆ ವೈದ್ಯರಿಗೆ ‘ನಾವು ಇಷ್ಟು ವರ್ಷದಿಂದ ಬೋರಿನ ನೀರು ಕುಡಿಯುತ್ತಿದ್ದೇವೆ’ ಎಂದು ತಪ್ಪದೆ ಹೇಳಿ. ಮುಂಗೈಯ ಎಕ್ಸ್‌ರೇ ಬಹಳಷ್ಟನ್ನು ತಿಳಿಸುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಫ್ಲೋರೈಡ್ ಹೊರಹೋಗುವುದು ಕಡಿಮೆಯಾದ್ದರಿಂದ ಅವರು ಇನ್ನೂ ಎಚ್ಚರವಾಗಿರಬೇಕು.

ಅಮೆರಿಕ ಸರ್ಕಾರದ ವಿಷವಿಜ್ಞಾನ ಕಾರ್ಯಕ್ರಮದವರು 2024ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯುವ ಮಕ್ಕಳಲ್ಲಿ ಬುದ್ಧಿಮತ್ತೆಯ ಅಂಕ ಕಡಿಮೆ ಇರುವುದು ಕಂಡುಬಂದಿದೆ ಎಂದಿದ್ದಾರೆ. ತಮ್ಮ ತೀರ್ಮಾನದ ಬಗ್ಗೆ ಅವರು ಹೇಳಿಕೊಂಡಿರುವುದು ‘ಮಧ್ಯಮ ಮಟ್ಟದ ವಿಶ್ವಾಸ’ ಎಂದಷ್ಟೆ. ಗಾಬರಿಗೆ ಕಾರಣವಿಲ್ಲ, ಅಸಡ್ಡೆಗೂ ಇಲ್ಲ.

ಮನೆಯಲ್ಲಿ ಮಾಡಬೇಕಾದ್ದು

ಮೊದಲ ಕೆಲಸ ನೀರನ್ನು ಪರೀಕ್ಷೆ ಮಾಡಿಸುವುದು. ಪಕ್ಕದ ಮನೆಯ ವರದಿ ನಿಮಗೆ ಸಲ್ಲದು. ನೂರು ಅಡಿ ಅಂತರದ ಎರಡು ಬೋರುಗಳಿಗೆ ಬೇರೆ ಬೇರೆ ಬಿರುಕಿನಿಂದ ನೀರು ಬರಬಹುದು. ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ, ಗಾಜಿನದು ಬೇಡ, ಪಂಪು ಐದು ಹತ್ತು ನಿಮಿಷ ಓಡಿದ ಮೇಲೆ ಅದೇ ನೀರಿನಿಂದ ಎರಡು ಸಲ ತೊಳೆದು ತುಂಬಿಸಿ. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯೇ ಎಂದು ವಿಚಾರಿಸಿ. ಅದರಲ್ಲಿ ದ್ರಾವಣದ ಬಣ್ಣ ಬದಲಾಗುವುದನ್ನು ನೋಡಿ ಅಂದಾಜು ಸಿಗುತ್ತದೆ. ಖಚಿತ ಅಂಕಿ ಬೇಕಾದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಮಾಡಿಸಿದರೆ ಒಳ್ಳೆಯದು.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ, ಕ್ಲೋರಿನ್ ಮಾತ್ರೆಗೂ ಅದು ಜಗ್ಗುವುದಿಲ್ಲ. ರಸಾಯನಶಾಸ್ತ್ರ ಕೊಟ್ಟಿರುವ ಉಪಾಯಗಳು ಬೇರೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ರೂಪಿಸಿದ ‘ನಲ್ಗೊಂಡ ವಿಧಾನ’ದಲ್ಲಿ ಪಟಿಕ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಬೆರೆಸುತ್ತಾರೆ. ಬೂದಿಯಂತೆ ಕೆಳಗೆ ಕೂರುವ ಮಡ್ಡಿಯ ಜೊತೆ ಫ್ಲೋರೈಡೂ ಇಳಿಯುತ್ತದೆ. ಇದಕ್ಕೆ ಅಳತೆ ಕರಾರುವಾಕ್ಕಾಗಿರಬೇಕು, ಕಣ್ಣಳತೆಯಲ್ಲಿ ಅಡುಗೆಮನೆಯಲ್ಲಿ ಮಾಡುವ ಕೆಲಸವಲ್ಲ. ಕಾಸು ಹಾಕಿ ನೀರು ಹಿಡಿಯುವ ಊರಿನ ಶುದ್ಧ ನೀರಿನ ಘಟಕಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್‌ಒ ಯಂತ್ರ. ಅದು ಫ್ಲೋರೈಡನ್ನು ಚೆನ್ನಾಗಿ ತೆಗೆಯುತ್ತದೆ, ಪೊರೆಯನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರೆ ಮಾತ್ರ. ಆದ್ದರಿಂದ ಘಟಕದ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕೊಡಿ. ಯಂತ್ರ ಹೊರಬಿಡುವ ತ್ಯಾಜ್ಯ ನೀರಿನಲ್ಲಿ ಫ್ಲೋರೈಡ್ ದಟ್ಟವಾಗಿರುತ್ತದೆ. ಅದನ್ನು ದನದ ತೊಟ್ಟಿಗೆ ಹರಿಸಬೇಡಿ.

ಇನ್ನು ಎಲ್ಲರೂ ಮಾಡುವ ತಪ್ಪು. ಘಟಕದಿಂದ ತಂದ ಕ್ಯಾನಿನ ನೀರು ಕುಡಿಯಲು ಮಾತ್ರ, ಅಡುಗೆಗೆ ನಲ್ಲಿಯಲ್ಲಿ ಬರುವ ಬೋರಿನ ನೀರು. ನಿಮ್ಮ ಬೋರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದೆ ಎಂದಿಟ್ಟುಕೊಳ್ಳಿ. ಅನ್ನ ಹೀರಿಕೊಂಡದ್ದು, ಮುದ್ದೆಗೆ ಇಟ್ಟ ಎಸರು, ಸಾರು, ಕಾಫಿ ಎಲ್ಲ ಸೇರಿ ದೊಡ್ಡವರ ಹೊಟ್ಟೆಗೆ ದಿನಕ್ಕೆ ಒಂದು ಲೀಟರ್ ಹೋದರೂ 3 ಮಿಲಿಗ್ರಾಂ ಆಯಿತು. ಮೂರು ವರ್ಷದ ಮಗುವಿಗೆ ಗಂಜಿ, ಅನ್ನ ಸಾರಿನಲ್ಲಿ ಅರ್ಧ ಲೀಟರ್ ಹೋದರೆ ಒಂದೂವರೆ ಮಿಲಿಗ್ರಾಂ. ಆ ವಯಸ್ಸಿಗೆ ದಿನಕ್ಕೆ 1.3 ಮಿಲಿಗ್ರಾಂ ಮೀರಬಾರದು ಎಂಬುದು ಅಮೆರಿಕದ ಆಹಾರತಜ್ಞರ ಮಿತಿ. ಒಂದು ತೊಟ್ಟು ಬೋರಿನ ನೀರು ಕುಡಿಯದೆಯೂ ಮಗು ಮಿತಿ ದಾಟಿತು. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರಿನ ನೀರು ಧಾರಾಳವಾಗಿ ಬಳಸಿ. ಬಾಯಿಗೆ ಹೋಗುವುದೆಲ್ಲಕ್ಕೂ ಒಂದೇ ಒಳ್ಳೆಯ ನೀರಿರಲಿ.

ಒಳ್ಳೆಯ ನೀರು ಆಕಾಶದಿಂದಲೂ ಬರುತ್ತದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೆ ವರ್ಷಕ್ಕೆ ಸುಮಾರು 9 ಸಾವಿರ ಲೀಟರ್ ಬೇಕು. ಕಡೂರಿನ 600 ಮಿಲಿಮೀಟರ್ ಮಳೆಯಲ್ಲಿ ಐದನೇ ಒಂದು ಪಾಲು ವ್ಯರ್ಥವಾಯಿತೆಂದು ಬಿಟ್ಟರೂ, ಕೇವಲ 20 ಚದರ ಮೀಟರ್ ಚಾವಣಿಯಿಂದ, ಅಂದರೆ ಎರಡು ಸಣ್ಣ ಕೋಣೆಗಳ ಮೇಲಿನಷ್ಟು ಜಾಗದಿಂದ, 9,600 ಲೀಟರ್ ಸಿಗುತ್ತದೆ. ತೊಡಕಿರುವುದು ಮಳೆಯದಲ್ಲ, ಶೇಖರಣೆಯದು. ಆರು ತಿಂಗಳ ಒಣ ಕಾಲಕ್ಕೆ ನಾಲ್ಕೂವರೆ ಸಾವಿರ ಲೀಟರಿನ, ಬೆಳಕು ಬೀಳದ, ಮುಚ್ಚಿದ ತೊಟ್ಟಿ ಬೇಕು. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು, ಸೋಸಿ ತುಂಬಿ, ಕುಡಿಯುವ ಮುನ್ನ ಕುದಿಸಬೇಕು. ಹೊಸ ಮನೆ ಕಟ್ಟಿಸುತ್ತಿರುವವರು ಈಗಲೇ ಯೋಚಿಸಬಹುದು. ಭದ್ರೆಯ ನೀರನ್ನು ಅಜ್ಜಂಪುರದ ಸುರಂಗದ ಮೂಲಕ ಬಯಲಿಗೆ ಹಾಯಿಸುವ ಭದ್ರಾ ಮೇಲ್ದಂಡೆಯಂಥ ಯೋಜನೆಗಳಿಂದ ಕೆರೆಗಳು ತುಂಬಿದರೆ ಬಾವಿಗಳಿಗೂ ಹೊಸ ನೀರು ಇಳಿದೀತು. ಆದರೆ ಮಗುವಿನ ಹಲ್ಲು ಕಾಲುವೆಗಾಗಿ ಕಾಯುವುದಿಲ್ಲ.

ಎದೆಹಾಲಿನಲ್ಲಿ ಫ್ಲೋರೈಡ್ ಅತ್ಯಲ್ಪ, ತಾಯಿ ಬೋರಿನ ನೀರನ್ನೇ ಕುಡಿಯುತ್ತಿದ್ದರೂ ಸಹ. ಹಸುಗೂಸಿಗೆ ಬೋರಿನ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು. ಆರು ವರ್ಷದೊಳಗಿನ ಮಕ್ಕಳು ಪೇಸ್ಟನ್ನು ಪೂರ್ತಿ ಉಗುಳದೆ ಒಂದಿಷ್ಟನ್ನು ನುಂಗಿಬಿಡುತ್ತಾರೆ. ಈ ಕಡೆಯ ಊರುಗಳಲ್ಲಿ ಅವರಿಗೆ ಯಾವ ಪೇಸ್ಟು, ಎಷ್ಟು ಎಂಬುದನ್ನು ದಂತವೈದ್ಯರನ್ನು ಕೇಳಿ ನಿರ್ಧರಿಸಿ. ಕಪ್ಪು ಉಪ್ಪಿನಲ್ಲೂ, ಹಾಲಿಲ್ಲದ ಕಡು ಚಹಾದಲ್ಲೂ ಫ್ಲೋರೈಡ್ ಸಾಕಷ್ಟಿದೆ.

ಊಟದ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ಕರುಳಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಮಜ್ಜಿಗೆ, ನುಗ್ಗೆ ಸೊಪ್ಪು, ಎಳ್ಳು ಜೊತೆಗಿರಲಿ. ನೆಲ್ಲಿಕಾಯಿಯ ಸಿ ಜೀವಸತ್ವವೂ ಒಳ್ಳೆಯದು. ಕ್ಯಾಲ್ಸಿಯಂ ಕೊರತೆಯಿರುವ ಮಕ್ಕಳಲ್ಲಿ ಫ್ಲೋರೋಸಿಸ್ ಮೊಣಕಾಲುಗಳನ್ನು ಒಳಕ್ಕೆ ಬಾಗಿಸುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ವೈದ್ಯರು 1973ರಲ್ಲೇ ವರದಿ ಮಾಡಿದ್ದರು. ಅದೇ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಹುಣಸೆಹಣ್ಣು ಸೇವಿಸಿದ ಶಾಲಾ ಹುಡುಗರ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಬಿದ್ದಿತ್ತು. ಅದು ಬೆರಳೆಣಿಕೆಯ ಹುಡುಗರ ಮೇಲೆ ನಡೆದ ಸಣ್ಣ ಅಧ್ಯಯನ. ಹುಣಸೆಹುಳಿಯ ಸಾರನ್ನು ಸಂತೋಷವಾಗಿ ಉಣ್ಣಿ, ಆದರೆ ಅದನ್ನು ಮಾಡುವ ನೀರು ಬೋರಿನದಾಗದಿರಲಿ.

ಈಗಾಗಲೇ ಗೆರೆ ಮೂಡಿರುವ ದೊಡ್ಡ ಮಕ್ಕಳ ಗತಿಯೇನು? ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹದಿನಾರರ ಹುಡುಗಿಗೆ ಇದು ಸಣ್ಣ ವಿಷಯವಲ್ಲ. ತೆಳುವಾದ ಕಲೆಯನ್ನು ದಂತವೈದ್ಯರು ಮೇಲ್ಪದರವನ್ನು ನಯವಾಗಿ ಉಜ್ಜಿ ಕಡಿಮೆ ಮಾಡಬಲ್ಲರು. ಆಳವಾಗಿದ್ದರೆ ಹಲ್ಲಿನ ಬಣ್ಣದ ಪದರವನ್ನು ಮೇಲೆ ಅಂಟಿಸಿ ಮುಚ್ಚುತ್ತಾರೆ. ಮನೆಯಲ್ಲಿ ಇಟ್ಟಿಗೆ ಪುಡಿ, ಅಡುಗೆ ಸೋಡಾ, ನಿಂಬೆರಸ ಹಾಕಿ ತಿಕ್ಕಿದರೆ ಇರುವ ಎನಾಮಲ್ಲೂ ಸವೆಯುತ್ತದೆ. ಚಿಕಿತ್ಸೆಗೆ ಕರೆದೊಯ್ಯುವ ಮುನ್ನ ಮನೆಯ ನೀರನ್ನು ಬದಲಾಯಿಸಿಬಿಡಿ. ಇಲ್ಲದಿದ್ದರೆ ಇನ್ನು ಕೆಲವು ವರ್ಷಕ್ಕೆ ತಮ್ಮನಿಗೂ ಅದೇ ಖರ್ಚು ಕಾದಿರುತ್ತದೆ.